ಮಾಳಿಗೆಯ ಮೇಲೆ ಸೋಲಾರ್: ಮೊದಲು ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದಿಡಿ

ಪ್ರಶ್ನೆ: ನಾನು ವಿಜಯಪುರದಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮದು ಸ್ಲ್ಯಾಬಿನ ಮನೆ, ನಾಲ್ಕು ಜನರಿದ್ದೇವೆ. ಎರಡು ವರ್ಷಗಳ ಹಿಂದೆ ಒಂದು ಎ.ಸಿ. ಹಾಕಿಸಿದ ಮೇಲೆ ಬೇಸಿಗೆಯಲ್ಲಿ ಬಿಲ್ಲು ಏರಿದೆ. ಚಳಿಗಾಲದಲ್ಲಿ ಗೃಹಜ್ಯೋತಿಯಿಂದ ಹೆಚ್ಚುಕಡಿಮೆ ಏನೂ ಕಟ್ಟುವುದಿಲ್ಲ. ಸೋಲಾರ್ ಕಂಪನಿಯವರು ಬಂದು 3 ಕಿಲೋವ್ಯಾಟ್ ಹಾಕಿಸಿರಿ, ಮೂರು ವರ್ಷದಲ್ಲಿ ಹಾಕಿದ ದುಡ್ಡು ಬರುತ್ತದೆ, ನಮ್ಮ ಜಿಲ್ಲೆಯ ಬಿಸಿಲಿಗೆ ಎಲ್ಲಿಲ್ಲದ ಉತ್ಪಾದನೆ ಸಿಗುತ್ತದೆ ಎಂದಿದ್ದಾರೆ. ಇದು ನಿಜವೇ? ಕರೆಂಟ್ ಹೋದಾಗ ಸೋಲಾರ್ ನಡೆಯುತ್ತದೆಯೇ? ಸ್ಲ್ಯಾಬ್ ಸೋರುವ ಭಯವಿದೆಯೇ? ಸಿಡಿಲಿಗೆ ಏನು ಮಾಡಬೇಕು? ಬೋರ್‌ವೆಲ್ ನೀರಿನಿಂದ ಪ್ಯಾನೆಲ್ ತೊಳೆಯಬಹುದೇ? ಊರಿನಲ್ಲಿ ತಂದೆಯವರ ಹಳೆಯ ಮಣ್ಣಿನ ಮಾಳಿಗೆಯ ಮನೆ ಇದೆ, ಅದಕ್ಕೂ ಹಾಕಿಸಬಹುದೇ? ಹನ್ನೆರಡು ತಿಂಗಳ ಬಿಲ್ಲಿನ ಯೂನಿಟ್‌ಗಳನ್ನು ಜೊತೆಗೆ ಬರೆದಿದ್ದೇನೆ.

ಉತ್ತರ: ಮಾನ್ಯ ಗುರುಗಳೇ, ತಾವು ಪ್ರಶ್ನೆಯ ಜೊತೆಗೆ ತಿಂಗಳುವಾರು ಯೂನಿಟ್‌ಗಳನ್ನು ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು ಎಂಬಲ್ಲಿಂದ ಮಾತು ಆರಂಭಿಸುತ್ತಾರೆ. ಆದರೆ ಸೋಲಾರ್ ತಮ್ಮ ಮನೆಗೆ ಲಾಭವೋ ಅಲ್ಲವೋ, ಲಾಭವಾದರೆ ಎಷ್ಟು ಕಿಲೋವ್ಯಾಟ್ ಬೇಕು ಎಂಬುದನ್ನು ನಿರ್ಧರಿಸುವುದು ಪ್ಯಾನೆಲ್ಲಿನ ಹೆಸರಲ್ಲ, ಆ ಹನ್ನೆರಡು ಅಂಕಿಗಳು. ಆದ್ದರಿಂದ ಮೊದಲು ಅವುಗಳನ್ನೇ ನೋಡೋಣ.

ತಾವು ಬರೆದಿರುವ ಪ್ರಕಾರ ನವೆಂಬರ್‌ನಲ್ಲಿ 180, ಡಿಸೆಂಬರ್‌ನಲ್ಲಿ 170, ಜನವರಿಯಲ್ಲಿ 175, ಫೆಬ್ರುವರಿಯಲ್ಲಿ 195 ಯೂನಿಟ್ ಬಳಕೆಯಾಗಿದೆ. ಮಾರ್ಚ್‌ನಲ್ಲಿ 270, ಏಪ್ರಿಲ್‌ನಲ್ಲಿ 345, ಮೇ ತಿಂಗಳಲ್ಲಿ 360, ಜೂನ್‌ನಲ್ಲಿ 310. ಅಲ್ಲಿಂದ ಮುಂದೆ ಜುಲೈ 250, ಆಗಸ್ಟ್ 235, ಸೆಪ್ಟೆಂಬರ್ 240, ಅಕ್ಟೋಬರ್ 215. ವರ್ಷಕ್ಕೆ ಒಟ್ಟು 2,945 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಯಾದಾಗ 2022-23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ನಿಗದಿಪಡಿಸಲಾಯಿತು. ಎ.ಸಿ. ಬರುವ ಮೊದಲು ತಮ್ಮ ಸರಾಸರಿ 165 ಇತ್ತೆಂದು ಬರೆದಿದ್ದೀರಿ. ಹಾಗಾಗಿ ತಮ್ಮ ಮಿತಿ ಸುಮಾರು 181 ಯೂನಿಟ್. ಆ ಮಿತಿಯೊಳಗಿದ್ದ ತಿಂಗಳು ಬಿಲ್ಲು ಶೂನ್ಯ. ಮಿತಿಯನ್ನು ದಾಟಿಯೂ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ಹಣ. 200ನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ತಾವೇ ಕಟ್ಟಬೇಕು. ಅಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ನಾಲ್ಕು ತಿಂಗಳ ವಿದ್ಯುತ್ತನ್ನು ಈಗಾಗಲೇ ಸರ್ಕಾರ ತಮಗೆ ಕೊಡುತ್ತಿದೆ, ಆ ತಿಂಗಳುಗಳಲ್ಲಿ ಸೋಲಾರ್ ಉಳಿಸಿಕೊಡುವುದು ಅತ್ಯಲ್ಪ. ಫೆಬ್ರುವರಿಯ 14 ಯೂನಿಟ್ ಬಿಟ್ಟರೆ ತಮ್ಮ ಜೇಬಿನಿಂದ ಹಣ ಹೋಗುತ್ತಿರುವುದು ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ 2,225 ಯೂನಿಟ್‌ಗಳಿಗೆ ಮಾತ್ರ.

ಈಗ ಮೂರು ವರ್ಷದ ಮಾತು ಹೇಗೆ ಹುಟ್ಟಿತೆಂದು ನೋಡಿ. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ವರ್ಷಕ್ಕೆ 1,400 ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್‌ಗೆ 4,200 ಯೂನಿಟ್ ಆಯಿತು. ಮಾರಾಟ ಪ್ರತಿನಿಧಿ ಇಡೀ 4,200 ಯೂನಿಟ್‌ಗಳನ್ನೂ ತಾವು ಹಣ ಕೊಟ್ಟು ಕೊಳ್ಳುತ್ತಿದ್ದೀರಿ ಎಂದು ಭಾವಿಸಿ, ಯೂನಿಟ್‌ಗೆ 8 ರೂಪಾಯಿ ಹಿಡಿದು ಗುಣಿಸಿದ್ದಾರೆ. ಗೃಹಬಳಕೆಯ ದರ ಯೂನಿಟ್‌ಗೆ 6 ರೂಪಾಯಿಯ ಆಸುಪಾಸಿನಲ್ಲಿದೆ, ಅದರ ಮೇಲೆ ತೆರಿಗೆ ಇರುತ್ತದೆ. ನಿಗದಿತ ಶುಲ್ಕ ತಮ್ಮ ಮಂಜೂರಾದ ಲೋಡಿಗೆ ಬೀಳುವುದರಿಂದ ಸೋಲಾರ್ ಹಾಕಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೆಚ್ಚುವರಿಯಾಗಿ ಉತ್ಪಾದನೆಯಾಗಿ ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಕಂಪನಿಯ ಜಾಲಕ್ಕೆ ಹೋದ ಯೂನಿಟ್‌ಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸಿದ ದರದಲ್ಲಿ ಹಣ ಬರುತ್ತದೆಯಾದರೂ, ಆ ದರ ನಾವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ; ಸಹಾಯಧನ ಪಡೆದ ಮನೆಗಳಿಗೆ ಅದು ಇನ್ನೂ ಕಡಿಮೆ. ಮನೆಯ ಬಳಕೆಗಿಂತ ದೊಡ್ಡದಾದ ಘಟಕ ಹಾಕಿಸಿ ಕರೆಂಟ್ ಮಾರಿ ಗಳಿಸುತ್ತೇವೆ ಎಂಬ ಲೆಕ್ಕ ಗೃಹಬಳಕೆದಾರರಿಗೆ ಕೂಡಿಬರದಿರುವುದು ಇದೇ ಕಾರಣಕ್ಕೆ.

ತಮ್ಮ ಮನೆಗೆ ಇಂದಿನ ಬಳಕೆಯಲ್ಲಿ 2 ಕಿಲೋವ್ಯಾಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅದು ಸುಮಾರು 1,800 ಯೂನಿಟ್ ಕೊಡುತ್ತದೆ, ಬೇಸಿಗೆಯಲ್ಲಿ ತುಸು ಹೆಚ್ಚು, ಮೋಡ ಕವಿದ ಜುಲೈ-ಆಗಸ್ಟ್‌ನಲ್ಲಿ ಕಡಿಮೆ. ಅವೆಲ್ಲವೂ ತಾವು ಹಣ ತೆರುತ್ತಿರುವ ಯೂನಿಟ್‌ಗಳಿಗೇ ಸರಿಹೊಂದುತ್ತವೆ; ವರ್ಷಕ್ಕೆ ಹನ್ನೊಂದು ಸಾವಿರ ರೂಪಾಯಿಯ ಆಸುಪಾಸು ಉಳಿತಾಯ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನವಿದ್ದು, ಘಟಕ ಎಷ್ಟೇ ದೊಡ್ಡದಾದರೂ 78,000ಕ್ಕಿಂತ ಹೆಚ್ಚು ಸಿಗುವುದಿಲ್ಲ. ಎರಡು ಕಿಲೋವ್ಯಾಟ್ ಘಟಕಕ್ಕೆ ಒಂದು ಲಕ್ಷ ಮೂವತ್ತು ಸಾವಿರದಿಂದ ಒಂದೂವರೆ ಲಕ್ಷ ಹೇಳುತ್ತಾರೆ ಎಂದಿಟ್ಟುಕೊಂಡರೆ, 60,000 ಕಳೆದು ತಮ್ಮ ಕೈಯಿಂದ ಹೋಗುವುದು ಎಪ್ಪತ್ತರಿಂದ ತೊಂಬತ್ತು ಸಾವಿರ. ಅದು ಮರಳಿ ಬರಲು ಮೂರಲ್ಲ, ಸುಮಾರು ಏಳು ವರ್ಷ ಬೇಕು. ಪ್ಯಾನೆಲ್ ಇಪ್ಪತ್ತೈದು ವರ್ಷ ದುಡಿಯುವ ವಸ್ತುವಾದ್ದರಿಂದ ಏಳು ವರ್ಷವೂ ಕೆಟ್ಟ ವ್ಯವಹಾರವಲ್ಲ. ಆದರೆ ಮೂರು ವರ್ಷ ಎಂದು ನಂಬಿ ಸಾಲ ಮಾಡಿ, ನಾಲ್ಕನೆಯ ವರ್ಷ ಕಂತು ಕಟ್ಟುತ್ತ ಮನಸ್ಸು ಕೆಡಿಸಿಕೊಂಡ ಮನೆಗಳನ್ನು ನಾನು ಕಂಡಿರುವುದರಿಂದ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೂರನೆಯ ಕಿಲೋವ್ಯಾಟ್‌ಗೆ ಸಹಾಯಧನವೂ ಕಡಿಮೆ, ಅದರ ಉತ್ಪಾದನೆಯ ಬಹುಪಾಲು ಕಡಿಮೆ ದರಕ್ಕೆ ಹೊರಗೆ ಹೋಗುವುದೂ ನಿಜ. ಬೆಂಗಳೂರಿನಲ್ಲಿರುವ ಮಗ ಮರಳಿ ಬಂದು ಇನ್ನೊಂದು ಎ.ಸಿ. ಹಾಕಿಸುವುದು ಖಚಿತವಿದ್ದರೆ ಮಾತು ಬೇರೆ. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ; ರಾತ್ರಿ ಆರು ತಾಸು ನಡೆದರೆ ತಿಂಗಳಿಗೆ 180 ಯೂನಿಟ್ ಸೇರಿತು. ರಾತ್ರಿ ಸೂರ್ಯನಿಲ್ಲದಿದ್ದರೂ ಚಿಂತೆಯಿಲ್ಲ, ಏಕೆಂದರೆ ನೆಟ್ ಮೀಟರ್ ವ್ಯವಸ್ಥೆಯಲ್ಲಿ ಹಗಲು ಹೊರಗೆ ಹೋದ ಯೂನಿಟ್‌ಗಳನ್ನು ರಾತ್ರಿ ಒಳಗೆ ಬಂದ ಯೂನಿಟ್‌ಗಳಿಂದ ಕಳೆಯುತ್ತಾರೆ, ಬಿಲ್ಲಿನ ಅವಧಿಯ ಕೊನೆಗೆ ಉಳಿದದ್ದಕ್ಕೆ ಮಾತ್ರ ಹಣದ ಲೆಕ್ಕ. ಹಾಗಿದ್ದಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿರಿ. ಇನ್ನೊಂದು ಮಾತು: ನೆಟ್ ಮೀಟರ್ ಕೂಡಿಸಿದ ಮೇಲೆ ತಮ್ಮ ಗೃಹಜ್ಯೋತಿ ಮಿತಿಯನ್ನು ಬಿಲ್ಲಿನಲ್ಲಿ ಹೇಗೆ ಅನ್ವಯಿಸುತ್ತಾರೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ನಾನು ಮೇಲೆ ಮಾಡಿದ ಲೆಕ್ಕ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ನಾಲ್ಕು ತಿಂಗಳುಗಳನ್ನು ಹೊರಗಿಟ್ಟು ಮಾಡಿದ್ದು.

ಕರೆಂಟ್ ಹೋದಾಗ ಸೋಲಾರ್ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ: ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಸಾಮಾನ್ಯ ಘಟಕ ನಡೆಯುವುದಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆಗೆ ರಣಬಿಸಿಲು ಬಿದ್ದಿದ್ದರೂ ಲೈನಿನಲ್ಲಿ ಕರೆಂಟ್ ಹೋದ ಎರಡು ಸೆಕೆಂಡಿನೊಳಗೆ, ಪ್ಯಾನೆಲ್ಲಿನ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಸೋಲಾರ್ ಇನ್ವರ್ಟರ್ ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟ ರಕ್ಷಣೆ. ಕರೆಂಟ್ ತೆಗೆದಿದ್ದಾರೆಂದು ನಂಬಿ ಲೈನ್‌ಮನ್ ಕಂಬ ಹತ್ತಿದಾಗ ತಮ್ಮ ಮಾಳಿಗೆಯಿಂದ ಹೊರಟ ವಿದ್ಯುತ್ ಆ ತಂತಿಯಲ್ಲಿ ಹರಿಯುತ್ತಿದ್ದರೆ ಅವನ ಜೀವಕ್ಕೇ ಕುತ್ತು. ಜೋಡಿಸಿ ಒಂದು ವಾರವಾದ ಮೇಲೆ, ಮುಂಗಾರಿನ ಮೊದಲ ಗಾಳಿಗೆ ಕರೆಂಟ್ ಹೋದ ದಿನ, ಪಕ್ಕದ ಮನೆಯಂತೆ ನಮ್ಮ ಮನೆಯೂ ಕತ್ತಲಾಯಿತು, ನಮಗೆ ಮೋಸವಾಯಿತು ಎಂದು ಫೋನ್ ಮಾಡಿದವರು ಹಲವರಿದ್ದಾರೆ. ಮಾರುವವರು ಈ ವಿಷಯವನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕಾಗಿತ್ತು. ಹೇಳದಿರುವುದು ತಪ್ಪು ಎಂದೇ ನಾನು ಭಾವಿಸುತ್ತೇನೆ.

ತಮ್ಮ ಮನೆಯಲ್ಲಿ ಈಗಾಗಲೇ ಕರೆಂಟ್ ಹೋದಾಗ ಬಳಸುವ ಮಾಮೂಲಿ ಇನ್ವರ್ಟರ್ ಮತ್ತು 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿ ಇದೆ ಎಂದು ಬರೆದಿದ್ದೀರಿ. ಅದನ್ನು ಇದ್ದಂತೆಯೇ ಬಿಡಿ. ಸೋಲಾರ್ ಘಟಕ ಬಿಲ್ಲಿನ ಕೆಲಸ ಮಾಡಲಿ, ಈ ಬ್ಯಾಟರಿ ಕರೆಂಟ್ ಹೋದಾಗಿನ ಕೆಲಸ ಮಾಡಲಿ. ಅಂಥ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ, ಕೊನೆಯ ಹನಿಯವರೆಗೆ ಹಿಂಡಬಾರದು ಮತ್ತು ದಾರಿಯಲ್ಲಿ ನಷ್ಟವೂ ಉಂಟು ಎಂಬುದರಿಂದ ಸುಮಾರು 1.2 ಯೂನಿಟ್ ಮಾತ್ರ ಕೈಗೆ ಬರುತ್ತದೆ. 75 ವ್ಯಾಟಿನ ನಾಲ್ಕು ಹಳೆಯ ಫ್ಯಾನ್ ಮತ್ತು ನಾಲ್ಕು ಎಲ್‌ಇಡಿ ದೀಪ ಹಚ್ಚಿದರೆ ಮೂರೂವರೆ ತಾಸಿಗೆ ಮುಗಿಯುತ್ತದೆ. ಅದೇ ಫ್ಯಾನುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಏಳು ತಾಸು ಬರುತ್ತದೆ. ಬ್ಯಾಟರಿ ಸಹಿತವಾದ ಹೈಬ್ರಿಡ್ ಘಟಕಕ್ಕೆ ಲಕ್ಷಾಂತರ ಸುರಿಯುವ ಮೊದಲು ನಾಲ್ಕು ಫ್ಯಾನ್ ಬದಲಿಸುವುದನ್ನು ಯಾರೂ ಹೇಳುವುದಿಲ್ಲ. ಅದರಲ್ಲಿ ಮಾರುವವರಿಗೆ ಲಾಭ ಕಡಿಮೆ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ನಿಲ್ಲಬಾರದ ಸಾಧನವಿದ್ದರೆ ಮಾತ್ರ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿಯ ಮಾತು ಎತ್ತಬಹುದು. ಸಹಾಯಧನ ಬ್ಯಾಟರಿಗೆ ಇಲ್ಲ ಎಂಬುದನ್ನೂ ಆಗ ನೆನಪಿಡಬೇಕು.

ಇನ್ನು ಬಿಸಿಲಿನ ವಿಷಯ. ವಿಜಯಪುರದ ಬಿಸಿಲು ಹೆಚ್ಚು, ಆದ್ದರಿಂದ ಉತ್ಪಾದನೆ ಹೆಚ್ಚು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಬೇಡವಾಗಿರುವುದು ಬಿಸಿ. ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ 540 ವ್ಯಾಟ್ ಎಂದು ಬರೆದಿದ್ದರೆ, ಅದು ಸೆಲ್ಲಿನ (ಬೆಳಕನ್ನು ವಿದ್ಯುತ್ತಾಗಿಸುವ ಒಳಗಿನ ಬಿಲ್ಲೆಯ) ಉಷ್ಣತೆ 25 ಡಿಗ್ರಿ ಇರುವಾಗ ಪ್ರಯೋಗಶಾಲೆಯಲ್ಲಿ ಅಳೆದದ್ದು. ಹೊರಗಿನ ಗಾಳಿ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಗಾಜಿನ ಕೆಳಗಿನ ಸೆಲ್ 65 ಡಿಗ್ರಿಯವರೆಗೆ ಕಾಯುತ್ತದೆ. ಸಾಮಾನ್ಯ ಮೊನೊ ಪರ್ಕ್ ಪ್ಯಾನೆಲ್ ಪ್ರತಿ ಡಿಗ್ರಿಗೆ ಶೇಕಡಾ 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 40 ಡಿಗ್ರಿ ಹೆಚ್ಚಾದರೆ ಶೇಕಡಾ 14 ಹೋಯಿತು. ಈಚೆಗೆ ಬಂದಿರುವ ಟಾಪ್‌ಕಾನ್ ಬಗೆಯ ಪ್ಯಾನೆಲ್‌ನಲ್ಲಿ ಇದು ಶೇಕಡಾ 0.29ರ ಹತ್ತಿರವಿದೆ, ಅಂದರೆ ಅದೇ ಬಿಸಿಗೆ ನಷ್ಟ ಶೇಕಡಾ 12ರೊಳಗೆ. ಬೆಲೆಯಲ್ಲಿ ದೊಡ್ಡ ಅಂತರವಿಲ್ಲದಿದ್ದರೆ ನಮ್ಮ ಊರಿಗೆ ಅದನ್ನೇ ಆರಿಸಿರಿ. ನಿರ್ಮಲ ಆಕಾಶವೂ ಹದವಾದ ಉಷ್ಣತೆಯೂ ಕೂಡಿ ಬರುವ ಫೆಬ್ರುವರಿ ಮತ್ತು ಮಾರ್ಚ್ ದಿನಗಳು ಮೇ ತಿಂಗಳ ಉರಿಬಿಸಿಲಿಗಿಂತ ಹೆಚ್ಚು ಕೊಟ್ಟರೆ ಆಶ್ಚರ್ಯಪಡಬೇಡಿ. ಪ್ಯಾನೆಲ್ಲಿನ ಕೆಳಗೆ ಗಾಳಿ ಆಡಲು ಜಾಗ ಬಿಡುವುದು ಇದೇ ಕಾರಣಕ್ಕೆ. ತಗಡಿನ ಶೀಟಿಗೆ ಅಂಟಿಕೊಂಡಂತೆ ಕೂಡಿಸಿದ ಪ್ಯಾನೆಲ್ ಹೆಚ್ಚು ಕಾಯುತ್ತದೆ. ಇನ್ವರ್ಟರ್ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಗೆ ಎಂದೂ ಹಾಕಿಸಬೇಡಿ, ಮೆಟ್ಟಿಲ ಕೆಳಗಿನ ಗಾಳಿಯಾಡುವ ನೆರಳು ಅದಕ್ಕೆ ಸರಿಯಾದ ಸ್ಥಳ.

ಬಿಸಿಗಿಂತ ದೊಡ್ಡ ಶತ್ರು ನೆರಳು. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಹರಿಯುವ ವಿದ್ಯುತ್ ಒಂದೇ ಆಗಿರುವುದರಿಂದ, ಒಂದು ಪ್ಯಾನೆಲ್ಲಿನ ಮೂಲೆಗೆ ನೀರಿನ ಟಾಕಿಯ ನೆರಳು ಬಿದ್ದರೂ ಆ ಸಾಲೆಲ್ಲ ಸೊರಗುತ್ತದೆ. ಪ್ಯಾನೆಲ್ಲಿನೊಳಗೆ ಬೈಪಾಸ್ ಡಯೋಡ್‌ಗಳಿರುತ್ತವೆ, ಅವು ನೆರಳು ಬಿದ್ದ ಭಾಗವನ್ನು ಬಿಟ್ಟು ಉಳಿದದ್ದನ್ನು ದುಡಿಸುತ್ತವೆ. ಆದರೆ ಬಿಟ್ಟ ಭಾಗದ ಉತ್ಪಾದನೆ ಹೋದಂತೆಯೇ. ಬಾಗಲಕೋಟೆಯ ನವನಗರದಲ್ಲಿ ನನ್ನ ಸ್ವಂತ ಮನೆಗೆ ಹಾಕಿಸಿದಾಗ ನಾನೇ ಇದರಲ್ಲಿ ಎಡವಿದೆ. ಮೇ ತಿಂಗಳಲ್ಲಿ ಮಾಳಿಗೆ ಹತ್ತಿ ಜಾಗ ಗುರುತಿಸಿದೆ, ಎಲ್ಲಿಯೂ ನೆರಳಿರಲಿಲ್ಲ. ನವೆಂಬರ್ ಬಂದಾಗ ದಕ್ಷಿಣದ ಟಾಕಿಯ ನೆರಳು ಬೆಳಿಗ್ಗೆ ಎರಡು ಪ್ಯಾನೆಲ್‌ಗಳ ಮೇಲೆ ಮಲಗಿತು. ಕಾರಣ ಸರಳ: ಸುಮಾರು 16 ಡಿಗ್ರಿ ಅಕ್ಷಾಂಶದ ನಮ್ಮ ಊರುಗಳಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಬಹಳ ಕೆಳಗಿಳಿಯುತ್ತಾನೆ. ಡಿಸೆಂಬರ್ ಕೊನೆಯ ವಾರ ವಿಜಯಪುರದಲ್ಲಿ ನಡುಹಗಲಿನಲ್ಲೂ ಸೂರ್ಯನ ಎತ್ತರ 50 ಡಿಗ್ರಿ ಮಾತ್ರ. ಆಗ ಒಂದು ಮೀಟರ್ ಎತ್ತರದ ಪ್ಯಾರಾಪೆಟ್ ಗೋಡೆ ಮಧ್ಯಾಹ್ನ ಸುಮಾರು 85 ಸೆಂಟಿಮೀಟರ್, ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಒಂದು ಮೀಟರ್ 70 ಸೆಂಟಿಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ಟಾಕಿ ಎರಡು ಮೀಟರ್ ಎತ್ತರವಿದ್ದರೆ ಇದನ್ನು ಇಮ್ಮಡಿ ಮಾಡಿಕೊಳ್ಳಿ. ಸಾಧ್ಯವಿದ್ದರೆ ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಮಾಳಿಗೆ ಹತ್ತಿ ಸೀಮೆಸುಣ್ಣದಿಂದ ನೆರಳಿನ ಗಡಿ ಗೆರೆ ಎಳೆದಿಡಿ. ಆ ಗೆರೆಗಳ ಹೊರಗೆ ಉಳಿದ ಜಾಗವೇ ಪ್ಯಾನೆಲ್‌ಗಳ ಜಾಗ. ಪಕ್ಕದ ಖಾಲಿ ನಿವೇಶನದಲ್ಲಿ ನಾಳೆ ಎರಡು ಅಂತಸ್ತಿನ ಮನೆ ಏಳಬಹುದೇ ಎಂದೂ ಯೋಚಿಸಿರಿ, ಅದರಲ್ಲೂ ಆ ನಿವೇಶನ ದಕ್ಷಿಣಕ್ಕಿದ್ದರೆ.

ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿದ್ದರೆ ನಮ್ಮ ಭಾಗಕ್ಕೆ ಸರಿ. ತುಸು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದರೆ ಹೆಚ್ಚಿನ ನಷ್ಟವಿಲ್ಲ. ಮನೆಯ ಗೋಡೆಗೆ ಸೊಟ್ಟಗೆ ಕಂಡೀತೆಂಬ ಚಿಂತೆಯಿದ್ದರೆ ಗೋಡೆಯ ಸಾಲಿಗೇ ಹಾಕಿಸಬಹುದು. ಎರಡು ಕಿಲೋವ್ಯಾಟ್‌ಗೆ ನಾಲ್ಕು ದೊಡ್ಡ ಪ್ಯಾನೆಲ್ ಸಾಕು. ಒಂದೊಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28 ಕಿಲೋ ತೂಕವಿರುತ್ತದೆ. ನಾಲ್ಕು ಪ್ಯಾನೆಲ್ಲಿನ ಭಾರ ಗಟ್ಟಿಯಾದ ಸ್ಲ್ಯಾಬಿಗೆ ಏನೇನೂ ಅಲ್ಲ. ಸ್ಲ್ಯಾಬ್ ಹೆದರಬೇಕಾದದ್ದು ಕೆಳಗೆ ಒತ್ತುವ ಭಾರಕ್ಕಲ್ಲ, ಮೇಲಕ್ಕೆ ಎತ್ತುವ ಗಾಳಿಗೆ. ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳ ಸಂಜೆ ಏಳುವ ಬಿರುಗಾಳಿ ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೂ ಒಣದ್ರಾಕ್ಷಿ ಶೆಡ್‌ಗಳಿಗೂ ಏನು ಮಾಡುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಬೇಕು, ಶಂಡಿಗೆ-ಹಪ್ಪಳ ಒಣಗಿಸಬೇಕು ಎಂದು ಎಂಟು ಅಡಿ ಎತ್ತರಕ್ಕೆ ಕಂಬ ನಿಲ್ಲಿಸಿ ಮೇಲೆ ಪ್ಯಾನೆಲ್ ಹಾಕಿಸುವ ರೂಢಿ ಬೆಳೆಯುತ್ತಿದೆ. ಆ ಆಸೆ ನ್ಯಾಯವಾದದ್ದೇ, ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿಯ ಹಿಡಿತ ಹೆಚ್ಚು, ಅದಕ್ಕೆ ತಕ್ಕ ಕಬ್ಬಿಣ, ಅಡ್ಡಪಟ್ಟಿ ಮತ್ತು ಬುನಾದಿ ಬೇಕು. ಕಬ್ಬಿಣ ಬಣ್ಣ ಬಳಿದದ್ದಾಗಿರದೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದಾಗಿರಬೇಕು, ಗಂಟೆಗೆ 150 ಕಿಲೋಮೀಟರ್ ಗಾಳಿಯನ್ನು ತಾಳುವಂತೆ ಚೌಕಟ್ಟನ್ನು ವಿನ್ಯಾಸ ಮಾಡಿದೆಯೆಂದು ದರಪಟ್ಟಿಯಲ್ಲಿ ಬರೆದಿರಬೇಕು.

ಸೋರುವ ಭಯ ಸುಳ್ಳಲ್ಲ. ನನ್ನ ಮನೆಯ ಕೆಲಸ ಮಾಡಿದ ಗುತ್ತಿಗೆದಾರರು ಸ್ಲ್ಯಾಬಿಗೆ ರಂಧ್ರ ಕೊರೆದು ಬೋಲ್ಟ್ ಬಿಗಿದು ಹೋದರು, ರಂಧ್ರಕ್ಕೆ ರಾಸಾಯನಿಕ ಅಂಟು ತುಂಬಲಿಲ್ಲ. ಎರಡನೆಯ ಮಳೆಗಾಲಕ್ಕೆ ಅಡುಗೆಮನೆಯ ಛತ್ತಿನಲ್ಲಿ ತೇವದ ಕಲೆ ಮೂಡಿತು, ಅದನ್ನು ಸರಿಪಡಿಸಲು ಚೌಕಟ್ಟನ್ನೇ ಬಿಚ್ಚಬೇಕಾಯಿತು. ಅಂದಿನಿಂದ ನಾನು ಕೇಳಿದವರಿಗೆಲ್ಲ ಹೇಳುವುದಿಷ್ಟು: ತಗ್ಗಿನ ಚೌಕಟ್ಟಾದರೆ ಸ್ಲ್ಯಾಬಿಗೆ ಕೈ ಹಚ್ಚದೆ, ಮೇಲೆ ಕಾಂಕ್ರೀಟ್ ಗಡ್ಡೆಗಳನ್ನು ಕೂಡಿಸಿ ಅವುಗಳಲ್ಲಿ ಕಂಬ ಹೂಳಿಸಿ, ಎತ್ತರದ ಚೌಕಟ್ಟಾದರೆ ಕಂಬಗಳು ಕೆಳಗಿನ ಬೀಮ್ ಅಥವಾ ಪಿಲ್ಲರ್ ಇರುವಲ್ಲಿಯೇ ಬರಲಿ, ರಂಧ್ರಗಳಿಗೆ ರಾಸಾಯನಿಕ ಆಂಕರ್ ಹಾಕಿಸಿ, ಬುಡಕ್ಕೆ ಗಾರೆ ಕಟ್ಟಿಸಿ. ಮಾಳಿಗೆಗೆ ವಾಟರ್‌ಪ್ರೂಫಿಂಗ್ ಮಾಡಿಸುವುದಿದ್ದರೆ ಪ್ಯಾನೆಲ್ ಬರುವ ಮೊದಲೇ ಮುಗಿಸಿರಿ. ಪ್ಯಾನೆಲ್ಲಿನ ಬುಡದಲ್ಲಿ ಮಳೆನೀರು ಹರಿದು ಹೋಗುವ ದಾರಿಯನ್ನು ಕಾಂಕ್ರೀಟ್ ಗಡ್ಡೆಗಳು ತಡೆಯದಂತೆ ನೋಡಿಕೊಳ್ಳಿ.

ಸಿಡಿಲಿನ ವಿಷಯದಲ್ಲಿ ಕೈ ಹಿಡಿತ ಬೇಡ. ಮಾಮೂಲಿಯಾಗಿ ಮೂರು ಅರ್ಥಿಂಗ್ ಗುಂಡಿಗಳು ಬೇಕು: ಸಿಡಿಲು ಹಿಡಿಯುವ ಲೈಟ್ನಿಂಗ್ ಅರೆಸ್ಟರಿಗೆ ಒಂದು, ಪ್ಯಾನೆಲ್ ಚೌಕಟ್ಟು ಮತ್ತು ಡಿ.ಸಿ. ಬದಿಗೆ (ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ಭಾಗ) ಒಂದು, ಎ.ಸಿ. ಬದಿಗೆ (ಇನ್ವರ್ಟರ್‌ನಿಂದ ಮನೆಯ ಕಡೆಗಿನ ಭಾಗ) ಒಂದು. ಅರೆಸ್ಟರಿನ ತಂತಿಯನ್ನು ಮನೆಯ ಅರ್ಥಿಂಗಿಗೆ ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಸಿಡಿಲು ಬಡಿದ ದಿನ ಅದು ಟಿ.ವಿ., ಫ್ರಿಜ್ ಎಲ್ಲದಕ್ಕೂ ದಾರಿ ಮಾಡಿಕೊಡುತ್ತದೆ. ನಮ್ಮ ಎರೆಮಣ್ಣು ತೇವವಿದ್ದಾಗ ಅರ್ಥಿಂಗಿಗೆ ಒಳ್ಳೆಯದು, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅದೇ ಮಣ್ಣು ಕೈಕೊಡುತ್ತದೆ. ಗರಸು ನೆಲದಲ್ಲಿ ಯಾವ ಕಾಲಕ್ಕೂ ಕಷ್ಟ. ಆದ್ದರಿಂದ ಅರ್ಥಿಂಗಿನ ಪ್ರತಿರೋಧವನ್ನು ಮೀಟರಿನಿಂದ ತಮ್ಮೆದುರು ಅಳೆಯಲಿ, 5 ಓಮ್ ಒಳಗೆ ಬರಲಿ, ಸಾಧ್ಯವಿದ್ದರೆ ಬೇಸಿಗೆಯಲ್ಲೇ ಅಳೆಯಲಿ. ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ತಡೆಯುವ ಸಾಧನ ಡಿ.ಸಿ. ಮತ್ತು ಎ.ಸಿ. ಎರಡೂ ಪೆಟ್ಟಿಗೆಗಳಲ್ಲಿರಬೇಕು. ಮನೆಯವರೆಲ್ಲರಿಗೂ ತಿಳಿದಿರಬೇಕಾದ ಇನ್ನೊಂದು ಮಾತಿದೆ: ಮೇನ್ ಸ್ವಿಚ್ ತೆಗೆದರೂ ಬಿಸಿಲಿರುವವರೆಗೆ ಪ್ಯಾನೆಲ್‌ನಿಂದ ಬರುವ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮಂಗ ಕಿತ್ತ ತಂತಿಯನ್ನು ಮೊಮ್ಮಕ್ಕಳೋ ಕೆಲಸದವರೋ ಎತ್ತಿ ಜೋಡಿಸಲು ಹೋಗಬಾರದು.

ತೊಳೆಯುವ ನೀರಿನ ಬಗ್ಗೆ ತಮ್ಮ ಸಂಶಯ ಸರಿಯಾಗಿದೆ. ವಿಜಯಪುರದ ಬೋರ್‌ವೆಲ್ ನೀರು ಗಡಸು. ಕಾದ ಗಾಜಿನ ಮೇಲೆ ಒಣಗಿದರೆ ಬಿಳಿಯ ಪದರ ಕಟ್ಟುತ್ತದೆ, ಮುಂದೆ ಉಜ್ಜಿದರೂ ಹೋಗದು. ಧೂಳಿನಿಂದ ಆಗುವ ನಷ್ಟ ತಾತ್ಕಾಲಿಕ, ಈ ಪದರದ ನಷ್ಟ ಶಾಶ್ವತ. ನಳದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ, ಸೂರ್ಯೋದಯಕ್ಕೆ ಮೊದಲು, ಗಾಜು ತಣ್ಣಗಿರುವಾಗ, ಮೆತ್ತನೆಯ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿರಿ. ಬೋರ್‌ವೆಲ್ ನೀರು ಬಿಟ್ಟು ಬೇರೆ ಇಲ್ಲವಾದರೆ ತೊಳೆದ ಕೂಡಲೇ ಒರೆಸಿ ಒಣಗಿಸಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರು ಇನ್ನೂ ಗಡಸು, ಅದನ್ನು ಬಳಸಲೇಬೇಡಿ. ಜೋಳದ ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಆ ಕೆಲಸವನ್ನು ಮಳೆಯೇ ಮಾಡುತ್ತದೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಹತ್ತಿರವಿರುವವರು ಕಬ್ಬು ನುರಿಯುವ ಹಂಗಾಮಿನಲ್ಲಿ ಬೂದಿಗಾಗಿ ಹೆಚ್ಚು ಸಲ ಒರೆಸಬೇಕಾಗುತ್ತದೆ.

ಊರಿನ ಮನೆಯ ವಿಷಯಕ್ಕೆ ಉತ್ತರ ಚಿಕ್ಕದು: ಬೇಡ. ಜಂತಿ-ತೊಲೆಗಳ ಮೇಲೆ ನಿಂತ ಮಣ್ಣಿನ ಮಾಳಿಗೆ ಈಗಾಗಲೇ ಟನ್ನುಗಟ್ಟಲೆ ಮಣ್ಣು ಹೊತ್ತಿದೆ, ಅದರಲ್ಲಿ ಗಾಳಿಯ ಎಳೆತ ತಾಳುವಂತೆ ಬೋಲ್ಟ್ ನಿಲ್ಲಿಸುವ ಜಾಗವಿಲ್ಲ, ಅಗೆದರೆ ಸೋರುವುದು ಖಂಡಿತ. ಹಿತ್ತಿಲಿನಲ್ಲಿ ನೆಲದಿಂದ ಕಂಬ ಎಬ್ಬಿಸಿ ಹಾಕಿಸಬಹುದು, ಆದರೆ ಆ ಮನೆಯ ಬಳಕೆ ತಿಂಗಳಿಗೆ 40 ಯೂನಿಟ್ ಎಂದು ಬರೆದಿದ್ದೀರಿ. ಅದು ಪೂರ್ತಿ ಗೃಹಜ್ಯೋತಿಯಲ್ಲೇ ಹೋಗುತ್ತಿರುವಾಗ ಉಳಿಸಲು ಏನೂ ಇಲ್ಲ. ಅಲ್ಲಿ ಕರೆಂಟ್ ಹೋಗುವುದೇ ತೊಂದರೆಯಾಗಿದ್ದರೆ ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ, ಎರಡು ಫ್ಯಾನಿನ ಸಣ್ಣ ವ್ಯವಸ್ಥೆ ಮಾಡಿಸಿ ಬಿಡಿ.

ಅರ್ಜಿಯ ವಿಷಯದಲ್ಲಿ ತಾವು ಯಾವ ದಲ್ಲಾಳಿಗೂ ಹಣ ಕೊಡಬೇಕಾಗಿಲ್ಲ. ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಬಿಲ್ಲಿನ ಮೇಲಿರುವ ಸಂಖ್ಯೆ ಕೊಟ್ಟು ನೋಂದಾಯಿಸಿ, ಅಲ್ಲಿ ನೋಂದಾಯಿತರಾದ ಮಾರಾಟಗಾರರಲ್ಲೇ ಒಬ್ಬರನ್ನು ಆರಿಸಬೇಕು. 10 ಕಿಲೋವ್ಯಾಟ್‌ವರೆಗಿನ ಮನೆಯ ಘಟಕಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಇಲ್ಲದೆಯೇ ಒಪ್ಪಿಗೆ ಸಿಕ್ಕಂತೆ ಎಂದು 2024ರ ಕೇಂದ್ರ ನಿಯಮ ಹೇಳುತ್ತದೆ. ಸಹಾಯಧನ ಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾಗಿರಬೇಕು; ಬಹಳ ಅಗ್ಗದ ದರ ಹೇಳುವವರು ಇಲ್ಲಿಯೇ ಕೈಚಳಕ ಮಾಡುವುದರಿಂದ ಪ್ರತಿ ಪ್ಯಾನೆಲ್ಲಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐದು ವರ್ಷಗಳ ನಿರ್ವಹಣೆ ಮಾರಾಟಗಾರರ ಹೊಣೆ, ಅದಕ್ಕೆ ಬೇರೆ ಹಣ ಕೇಳಿದರೆ ಕೊಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತಮಗೆ ಕೊಟ್ಟ ದರಪಟ್ಟಿ ಅದಕ್ಕಿಂತ ಹಳೆಯದಾಗಿದ್ದರೆ ಹೊಸದನ್ನು ಕೇಳಿ.

ಕೊನೆಯದಾಗಿ, ತಮ್ಮ ಬಿಲ್ಲಿನ ಮೇಲೆ ಯಾರ ಹೆಸರಿದೆ ನೋಡಿರಿ. ನಮ್ಮ ಕಡೆ ಅರ್ಧದಷ್ಟು ಅರ್ಜಿಗಳು ನಿಲ್ಲುವುದು ತಂತ್ರಜ್ಞಾನದ ತೊಡಕಿನಿಂದಲ್ಲ, ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿರುವುದರಿಂದ ಎಂಬುದು ನನ್ನ ಅನುಭವ. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು ಮತ್ತು ಸಹಾಯಧನ ಜಮೆಯಾಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು. ಬಿಲ್ಲು ತಂದೆಯವರ ಹೆಸರಿನಲ್ಲಿದ್ದರೆ ಮೊದಲು ಮರಣ ಪ್ರಮಾಣಪತ್ರ, ಮನೆಯ ಉತಾರ (ಆಸ್ತಿಯ ದಾಖಲೆ) ಮತ್ತು ಸಹೋದರರ ಒಪ್ಪಿಗೆ ಪತ್ರಗಳನ್ನು ಹೆಸ್ಕಾಂ ಕಚೇರಿಗೆ ಕೊಟ್ಟು ಹೆಸರು ಬದಲಾವಣೆ ಮಾಡಿಸಿಕೊಳ್ಳಿ. ಮಾರಾಟಗಾರರಿಗೆ ಮುಂಗಡ ಕೊಡುವುದು ಅದು ಮುಗಿದ ಮೇಲೆ.